ಹದಿನೆಂಟಾಯಿತು, ಇನ್ನು ಸಹಿ ಯಾರದು?

ಶಿಕಾರಿಪುರ ತಾಲ್ಲೂಕಿನ ಒಂದು ಅಡಿಕೆ ಬೆಳೆಗಾರರ ಮನೆ ಅಂದುಕೊಳ್ಳಿ. ಆಟಿಸಂ ಇರುವ ಮಗನ ಹೆಸರಲ್ಲಿ ಸಣ್ಣವನಿದ್ದಾಗಲೇ ಬ್ಯಾಂಕಿನಲ್ಲಿ ಖಾತೆ ತೆರೆದಿದ್ದಾರೆ. ಇಷ್ಟು ವರ್ಷ ಅಪ್ಪನ ಸಹಿಗೆ ದುಡ್ಡು ಬರುತ್ತಿತ್ತು. ಹುಡುಗನಿಗೆ 18 ತುಂಬಿದ ಮೇಲೆ ಕೌಂಟರಿನವರು, ‘ಇನ್ನು ನಿಮ್ಮ ಸಹಿ ನಡೆಯಲ್ಲ ಯಜಮಾನ್ರೇ, ಮಗನನ್ನೇ ಕರ್ಕೊಂಡು ಬನ್ನಿ’ ಎನ್ನುತ್ತಾರೆ. ‘ಅವನಿಗೇನು ಗೊತ್ತಾಗುತ್ತೆ ಸಾರ್’ ಎಂದು ಅಪ್ಪ. ಹಿಂದೆ ನಿಂತವರಿಂದ ಬಿಟ್ಟಿ ಸಲಹೆ: ‘ಶಿವಮೊಗ್ಗಕ್ಕೆ ಹೋಗಿ ಡಿಸಿ ಆಫೀಸಲ್ಲಿ ಗಾರ್ಡಿಯನ್‌ಶಿಪ್ ಮಾಡಿಸಿಬಿಡಿ.’

ಸಲಹೆ ಪೂರ್ತಿ ತಪ್ಪಲ್ಲ. ಆದರೆ ಮೊದಲು ಕೇಳಬೇಕಾದ ಪ್ರಶ್ನೆ ಅದಲ್ಲ.

18 ತುಂಬಿದ ದಿನ ಕಾನೂನಿನ ಕಣ್ಣಿಗೆ ಎಲ್ಲರೂ ವಯಸ್ಕರೇ. ಆಟಿಸಂ ಇದೆಯೆಂದು ತಂದೆತಾಯಿಯ ಸಹಜ ಪೋಷಕತ್ವ ತಾನಾಗಿ ಮುಂದುವರಿಯುವುದಿಲ್ಲ. 2017ರ ಏಪ್ರಿಲ್ 19ರಿಂದ ಜಾರಿಯಲ್ಲಿರುವ ಅಂಗವಿಕಲರ ಹಕ್ಕುಗಳ ಕಾಯ್ದೆ–2016 ಗುರುತಿಸಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು. ಅದರ 13ನೇ ಕಲಂ ಪ್ರಕಾರ ಆಸ್ತಿ ಹೊಂದಲು, ಪಿತ್ರಾರ್ಜಿತ ಪಡೆಯಲು, ಹಣಕಾಸು ನೋಡಿಕೊಳ್ಳಲು, ಬ್ಯಾಂಕ್ ಸಾಲ ಕೇಳಲು ಇವರಿಗೆ ಉಳಿದವರಷ್ಟೇ ಹಕ್ಕಿದೆ. ಅಂದರೆ ಆ ಹುಡುಗ ಸಹಿ ಹಾಕಬಲ್ಲನಾದರೆ, ತನ್ನ ದುಡ್ಡು ಎಂದರೇನೆಂದು ಅವನಿಗೆ ಗೊತ್ತಿದ್ದರೆ, ಖಾತೆ ಅವನದೇ. ಅಪ್ಪ ಪಕ್ಕದಲ್ಲಿ ಕುಳಿತು ಬಿಡಿಸಿ ಹೇಳಿದರೆ ಅದು ನೆರವು, ಅಧಿಕಾರವಲ್ಲ.

ನೆರವು ಸಾಲದೆಂದಾಗ ಮಾತ್ರ ರಾಷ್ಟ್ರೀಯ ನ್ಯಾಸ ಕಾಯ್ದೆ–1999 ನೆನಪಾಗಬೇಕು. ನ್ಯಾಷನಲ್ ಟ್ರಸ್ಟ್ ಕಾಯ್ದೆ ಎಂದೇ ಎಲ್ಲರೂ ಕರೆಯುವುದು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ, ಈ ನಾಲ್ಕಕ್ಕೆ ಮಾತ್ರ ಇದು ಅನ್ವಯ. ಅರ್ಜಿ ಹೋಗುವುದು ಸ್ಥಳೀಯ ಮಟ್ಟದ ಸಮಿತಿಗೆ. ಜಿಲ್ಲಾಧಿಕಾರಿ, ನೋಂದಾಯಿತ ಸಂಸ್ಥೆಯ ಒಬ್ಬ ಪ್ರತಿನಿಧಿ, ಅಂಗವಿಕಲರಲ್ಲೇ ಒಬ್ಬರು ಅದರಲ್ಲಿರುತ್ತಾರೆ. ತಂದೆತಾಯಿ ಅಥವಾ ಸಂಬಂಧಿಕರು ಅರ್ಜಿ ಹಾಕಬಹುದು. ಸೊರಬದವರಿಗೂ ಶಿಕಾರಿಪುರದವರಿಗೂ ಇದಕ್ಕೆ ಶಿವಮೊಗ್ಗವೇ ಗತಿ.

ಇದೇ ನ್ಯಾಸ ಕಾಯ್ದೆಯ 14ನೇ ಕಲಂ ಸಮಿತಿಗೆ ಒಪ್ಪಿಸಿರುವ ಎರಡು ಪ್ರಶ್ನೆಗಳನ್ನು ಬಹಳ ಮಂದಿ ಓದಿಯೇ ಇಲ್ಲ. ಈ ವ್ಯಕ್ತಿಗೆ ಪೋಷಕ ಬೇಕೇ? ಬೇಕಿದ್ದರೆ ಯಾವ ಯಾವ ಕೆಲಸಕ್ಕೆ? ಉತ್ತರ ಆ ಹುಡುಗ ಅಥವಾ ಹುಡುಗಿ ಅಷ್ಟರೊಳಗೆ ಏನೇನು ಕಲಿತಿದ್ದಾರೆ ಎಂಬುದರ ಮೇಲಿದೆ. ಹಾಗಾಗಿ ಸಾಮಾಜಿಕ ಕೌಶಲ ಎಂದು ವಿಶೇಷ ಶಿಕ್ಷಕರು ಹೇಳುವುದು ನನ್ನ ಲೆಕ್ಕದಲ್ಲಿ ಕಾನೂನಿನ ವಿಷಯವೇ. ಹದಿನಾಲ್ಕರಿಂದಲೇ ಬ್ಯಾಂಕಿಗೆ, ನಾಡಕಚೇರಿಗೆ, ನ್ಯಾಯಬೆಲೆ ಅಂಗಡಿಗೆ, ಸಂತೆಗೆ ಜೊತೆಯಲ್ಲಿ ಕರೆದೊಯ್ಯಿರಿ. ಸಾಲಿನಲ್ಲಿ ನಿಲ್ಲುವುದು, ಚಿಲ್ಲರೆ ಎಣಿಸುವುದು, ಒಂದೇ ರೀತಿ ಸಹಿ ಮಾಡುವುದು, ಗೊತ್ತಾಗದಿದ್ದರೆ ‘ಇನ್ನೊಂದು ಸಲ ಹೇಳಿ’ ಎನ್ನುವುದು, ಬೇಡದ್ದಕ್ಕೆ ‘ಬೇಡ’ ಎನ್ನುವುದು. ಮಾತು ಬಾರದಿದ್ದರೆ ಚಿತ್ರದ ಕಾರ್ಡು, ಮೊಬೈಲ್ ಆದೀತು. ನಾಲ್ಕು ವರ್ಷ ಹೀಗೆ ನಡೆದರೆ ಪೋಷಕತ್ವವೇ ಬೇಡವಾಗಬಹುದು, ಬೇಕಾದರೂ ಒಂದೆರಡು ವಿಷಯಕ್ಕಷ್ಟೇ ಸಾಕಾಗಬಹುದು. ನೆಂಟರಿಷ್ಟರ ಮದುವೆಗೂ ಕರೆದೊಯ್ಯದೆ ಮನೆಯಲ್ಲೇ ಇಟ್ಟುಕೊಂಡ ಮಗುವಿನ ಬಗ್ಗೆ ಸಮಿತಿಯ ಮುಂದೆ ಹೇಳಲು ಏನಿರುತ್ತದೆ?

ಪೋಷಕರಾದವರಿಗೂ ಲೆಕ್ಕ ಕೊಡುವ ಕಟ್ಟಳೆಯಿದೆ. ನೇಮಕವಾದ 6 ತಿಂಗಳೊಳಗೆ ಆಸ್ತಿ, ಸಾಲ, ಬರಬೇಕಾದ ಬಾಕಿಗಳ ಪಟ್ಟಿ ಒಪ್ಪಿಸಬೇಕು. ಆಮೇಲೆ ಪ್ರತಿ ಹಣಕಾಸು ವರ್ಷ ಮುಗಿದ 3 ತಿಂಗಳೊಳಗೆ ಲೆಕ್ಕ. ದುಡ್ಡು ನುಂಗಿದರೆ, ನಿರ್ಲಕ್ಷ್ಯ ಮಾಡಿದರೆ, ಸಂಬಂಧಿಕರು ಅಥವಾ ನೋಂದಾಯಿತ ಸಂಸ್ಥೆ ದೂರಿ ಅವರನ್ನು ತೆಗೆಸಬಹುದು.

ಇನ್ನು ಅಂಗವಿಕಲರ ಗುರುತಿನ ಚೀಟಿ. ಯುಡಿಐಡಿ ಕಾರ್ಡಿಗೆ ಆನ್‌ಲೈನ್‌ನಲ್ಲಿ ಅರ್ಜಿ. ದಾರಿ ತಿಳಿಯದಿದ್ದರೆ ಗ್ರಾಮ ಪಂಚಾಯಿತಿಯಲ್ಲಿರುವ ಪುನರ್ವಸತಿ ಕಾರ್ಯಕರ್ತರನ್ನು ಹಿಡಿಯಿರಿ. ಊರಲ್ಲಿ ಅವರನ್ನು ವಿಆರ್‌ಡಬ್ಲ್ಯೂ ಎನ್ನುತ್ತಾರೆ. ತಾಲ್ಲೂಕು ಪಂಚಾಯಿತಿಯಲ್ಲಿರುವವರು ಎಂಆರ್‌ಡಬ್ಲ್ಯೂ. ತಪಾಸಣೆಗೆ ಬೇಕಾದ ತಜ್ಞರು ತಾಲ್ಲೂಕಿನಲ್ಲಿ ಇಲ್ಲದಿದ್ದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗಬೇಕಾದೀತು. ಆಟಿಸಂ ಅಳೆಯುವ ‘ಐಸಾ’ ಎಂಬ ಭಾರತೀಯ ಮಾಪಕದಲ್ಲಿ 40 ಅಂಶಗಳಿವೆ. ಅಲ್ಲಿ ಮರ್ಯಾದೆಗೆ ಅಂಜಿ ‘ಎಲ್ಲಾ ಮಾಡ್ಕೋತಾನೆ ಡಾಕ್ಟ್ರೇ’ ಎನ್ನಬೇಡಿ. ರಾತ್ರಿ ನಿದ್ದೆ ಮಾಡದ್ದು, ಮಿಕ್ಸಿ ಶಬ್ದಕ್ಕೆ ಕಿವಿ ಮುಚ್ಚಿಕೊಂಡು ಓಡಿದ್ದು, ಎಲ್ಲ ಇದ್ದದ್ದು ಇದ್ದಂತೆ ಹೇಳಿ. ಅಂಗವೈಕಲ್ಯದ ಪ್ರಮಾಣ ಶೇ.40 ಮುಟ್ಟಿದರೇ ಹೆಚ್ಚಿನ ಸೌಲಭ್ಯಗಳ ಬಾಗಿಲು ತೆರೆಯುವುದು. ಕಾರ್ಡಿಗೆ ಅವಧಿ ನಮೂದಾಗಿದ್ದರೆ ಮುಗಿಯುವ ಮೊದಲೇ ಮರುತಪಾಸಣೆಗೆ ಹೋಗಿ.

ಪರೀಕ್ಷೆಗೆ ಹೆಚ್ಚುವರಿ ಸಮಯ, ಬರೆಯಲು ಸಹಾಯಕರು, ದ್ವಿತೀಯ–ತೃತೀಯ ಭಾಷೆಯ ವಿನಾಯಿತಿ: ಇವು 2016ರ ಕಾಯ್ದೆಯ 17ನೇ ಕಲಂನಲ್ಲಿವೆ. ಶಾಲೆಯವರು ‘ನೋಡೋಣ’ ಎಂದರೆ ಅರ್ಜಿಯನ್ನು ಬರೆದೇ ಕೊಟ್ಟು ಸ್ವೀಕೃತಿ ಪಡೆಯಿರಿ. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ.5 ಸೀಟು, ವಯೋಮಿತಿಯಲ್ಲಿ 5 ವರ್ಷ ರಿಯಾಯಿತಿ. ಸರ್ಕಾರಿ ಉದ್ಯೋಗದಲ್ಲಿ ಒಟ್ಟು ಶೇ.4, ಅದರಲ್ಲಿ ಶೇ.1ನ್ನು ಆಟಿಸಂ ಇರುವವರು ಬೌದ್ಧಿಕ ಅಂಗವೈಕಲ್ಯ, ಕಲಿಕಾ ನ್ಯೂನತೆ, ಮಾನಸಿಕ ಅಸ್ವಸ್ಥತೆ, ಬಹುವಿಧ ಅಂಗವೈಕಲ್ಯ ಇರುವವರೊಂದಿಗೆ ಹಂಚಿಕೊಳ್ಳಬೇಕು. ಒಂದು ರೊಟ್ಟಿ, ಐದು ಕೈ. ಅದನ್ನೇ ನಂಬಿ ಕೂರುವ ಬದಲು ಸೊರಬದ ಗುಡಿಗಾರರ ಕೆತ್ತನೆಯಂಥ ಕೈಕಸುಬು, ಅಡಿಕೆ ಆರಿಸುವಂಥ ಕ್ರಮಬದ್ಧ ಕೆಲಸ ಕೆಲವರಿಗೆ ಚೆನ್ನಾಗಿ ಒಗ್ಗಬಹುದು, ಕಲಿಸಿ ನೋಡಿ.

ನಮ್ಮ ಕಡೆ ನಿಜವಾದ ಜಗಳ ಬರುವುದು ಪಹಣಿಯಲ್ಲಿ. ಹಿರಿಯರು ತೀರಿಕೊಂಡು ಪೌತಿ ಖಾತೆಗೆ ಅರ್ಜಿ ಹಾಕುವಾಗ, ‘ಅವನಿಗೆ ಯಾಕೆ, ಹೇಗೂ ನಾವೇ ನೋಡ್ಕೋತೀವಲ್ಲ’ ಎಂದು ವಂಶವೃಕ್ಷದಲ್ಲೇ ಹೆಸರು ಬಿಡುವುದುಂಟು. ಹಿಂದೂ ಉತ್ತರಾಧಿಕಾರ ಕಾಯ್ದೆ–1956ರ 28ನೇ ಕಲಂ ನೇರವಾಗಿ ಹೇಳುತ್ತದೆ: ರೋಗ, ನ್ಯೂನತೆ, ಅಂಗವಿಕಾರದ ಕಾರಣಕ್ಕೆ ಯಾರಿಗೂ ಆಸ್ತಿ ತಪ್ಪಿಸುವಂತಿಲ್ಲ. ಇನ್ನೊಂದು ಮಾತು. ಪಾಲು ಹಂಚಿಕೆಯಲ್ಲಿ ಅಣ್ಣನೂ ಪಾಲುದಾರ, ತಮ್ಮನಿಗೆ ನೆರವಾಗುವವನೂ ಅವನೇ ಎಂದಾದರೆ, ಆ ವ್ಯವಹಾರದಲ್ಲಿ ಅವನು ನೆರವಿನ ಪಾತ್ರದಿಂದ ಹಿಂದೆ ಸರಿಯಬೇಕು ಎಂದು 2016ರ ಕಾಯ್ದೆಯೇ ಹೇಳಿದೆ. ಅಣ್ಣ ಎಷ್ಟೇ ಒಳ್ಳೆಯವನಿರಲಿ. ವಕೀಲರಿಗೆ ದುಡ್ಡಿಲ್ಲವೆಂದು ಸುಮ್ಮನಾಗಬೇಡಿ. ಅಂಗವಿಕಲರಿಗೆ ಆದಾಯ ಮಿತಿ ನೋಡದೆ ಉಚಿತ ಕಾನೂನು ನೆರವು ಕೊಡಬೇಕೆಂದು 1987ರ ಕಾಯ್ದೆಯಿದೆ. ತಾಲ್ಲೂಕು ನ್ಯಾಯಾಲಯದ ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ, ಇಲ್ಲವೇ 15100ಕ್ಕೆ ಕರೆ ಮಾಡಿ.

ಹೆಣ್ಣುಮಕ್ಕಳ ತಾಯಂದಿರು ಇದನ್ನು ಗಮನಿಸಬೇಕು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆಯಲ್ಲಿ ವಯಸ್ಸು ಎಂದರೆ ದೇಹದ ವಯಸ್ಸೇ, ಮನಸ್ಸಿನ ವಯಸ್ಸಲ್ಲ ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. 18 ದಾಟಿದ ಮೇಲೆ ಆ ಕಾಯ್ದೆಯ ಆಸರೆ ಸಿಗದು. ಆದರೂ 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಂತೆ, ಲೈಂಗಿಕ ದೌರ್ಜನ್ಯಕ್ಕೊಳಗಾದ ಅಂಗವಿಕಲರ ದೂರನ್ನು ಪೊಲೀಸರು ಅವರ ಮನೆಯಲ್ಲಿ ಅಥವಾ ಅವರಿಗೆ ಅನುಕೂಲವಾದ ಕಡೆ, ವಿಶೇಷ ಶಿಕ್ಷಕರು ಅಥವಾ ದುಭಾಷಿಯ ಎದುರಿನಲ್ಲಿ ದಾಖಲಿಸಬೇಕು, ವಿಡಿಯೊ ಮಾಡಬೇಕು. ಅಂಗವಿಕಲರನ್ನು ಸಾಕ್ಷಿಯಾಗಿ ವಿಚಾರಿಸುವುದಿದ್ದರೂ ಠಾಣೆಗೆ ಬರಲೇಬೇಕೆಂದು ಒತ್ತಾಯಿಸುವಂತಿಲ್ಲ. ಇನ್ನೊಂದು ಭಯವೂ ಇದೆ: ಆಟಿಸಂ ಇರುವ ಹುಡುಗ ಪೊಲೀಸರ ಮುಂದೆ ಕಣ್ಣು ತಪ್ಪಿಸಿದರೆ, ಓಡಿದರೆ ಕಳ್ಳನೆಂದು ಎಣಿಸಿಯಾರು. ಆದ್ದರಿಂದ ಯುಡಿಐಡಿ ಕಾರ್ಡು ಜೇಬಲ್ಲಿರಲಿ, ತೋರಿಸುವುದನ್ನು ಮನೆಯಲ್ಲೇ ಆಡಿಸಿ ಕಲಿಸಿ.

ಮತದಾನದ ಬಗ್ಗೆ ಕೇಳಿದರೆ ಕೆಲವು ತಂದೆತಾಯಿ ನಕ್ಕುಬಿಡುತ್ತಾರೆ. ಬುದ್ಧಿ ಸ್ವಾಧೀನದಲ್ಲಿಲ್ಲವೆಂದು ಸಕ್ಷಮ ನ್ಯಾಯಾಲಯ ಘೋಷಿಸಿದವರಿಗೆ ಮಾತ್ರ ಮತದಾರರ ಪಟ್ಟಿಯಲ್ಲಿ ಜಾಗವಿಲ್ಲ. ಆಟಿಸಂ ಪ್ರಮಾಣಪತ್ರ ಅಂಥ ಘೋಷಣೆಯಲ್ಲ, ಡಿಸಿ ಸಮಿತಿಯ ಪೋಷಕತ್ವದ ಆದೇಶವೂ ಅಲ್ಲ. ಪಟ್ಟಿಗೆ ಹೆಸರು ಸೇರಿಸಲು ನಮೂನೆ 6 ತುಂಬಿ ಮತಗಟ್ಟೆ ಮಟ್ಟದ ಅಧಿಕಾರಿಯ (ಬಿಎಲ್‌ಒ) ಕೈಗೆ ಕೊಡಿ. ಚುನಾವಣೆಗೆ ಮೊದಲೊಮ್ಮೆ ಮತಗಟ್ಟೆಯಿರುವ ಶಾಲೆಗೆ ಕರೆದೊಯ್ದು ಯಾವ ಬಾಗಿಲಲ್ಲಿ ಒಳಗೆ, ಯಾವುದರಲ್ಲಿ ಹೊರಗೆ ಎಂದು ತೋರಿಸಿ. ಬೆರಳಿಗೆ ಶಾಯಿ ಹಚ್ಚುತ್ತಾರೆ, ಗುಂಡಿ ಒತ್ತಿದಾಗ ಯಂತ್ರ ಉದ್ದಕ್ಕೆ ‘ಬೀಪ್’ ಎನ್ನುತ್ತದೆ ಎಂಬುದನ್ನು ಮರೆಯದೆ ಮೊದಲೇ ಹೇಳಿಡಿ.