ಬನ್ನಿ: ಒಣನೆಲದ ಬಂಗಾರ

ಅಜ್ಞಾತವಾಸಕ್ಕೆ ಹೊರಟ ಪಾಂಡವರು ತಮ್ಮ ಆಯುಧಗಳನ್ನು ವಿರಾಟನಗರದ ಹೊರಗಿನ ಶಮೀವೃಕ್ಷದಲ್ಲಿ ಬಚ್ಚಿಟ್ಟ ಕಥೆ ಸರ್ವವಿದಿತವಾದುದು. ಶಮಿಯೇ ಏಕೆ? ವಿರಾಟಪರ್ವದ ಪಾಠದಲ್ಲಿ ವಿದ್ಯಾರ್ಥಿಯೊಬ್ಬನು ಕೇಳಿದ ಈ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರವಿತ್ತುದು ಹೊಲದ ಬದುವಿನ ಮರ. ವೈಶಾಖದ ಬಿಸಿಲಿಗೆ ನೆರೆಯ ಮರಗಳು ಬೋಳಾದಾಗಲೂ ಅದು ಚಿಗುರಿರುತ್ತದೆ. ಕೊಂಬೆಯ ತುಂಬ ಮುಳ್ಳು. ವರುಷವಿಡೀ ಒಂದು ವಸ್ತುವನ್ನು ಮರೆಮಾಡಲು ಅದಕ್ಕಿಂತ ಯೋಗ್ಯವಾದ ಮರ ಯಾವುದು?

ಈ ಶಮಿಯೇ ನಮ್ಮ ಬನ್ನಿ. ಸ್ಪೇನ್ ದೇಶದ ಒಣನೆಲದಲ್ಲಿ ಓಕ್ ಮರಕ್ಕಿರುವ ಮನ್ನಣೆ ರಾಜಸ್ಥಾನದಲ್ಲಿ ಇದಕ್ಕಿದೆ. 1730ರಲ್ಲಿ ಜೋಧಪುರದ ಬಳಿಯ ಖೇಜಡಲಿಯಲ್ಲಿ ಈ ಮರಗಳನ್ನು ಉಳಿಸಲು ಅಮೃತಾದೇವಿಯೂ ಸೇರಿ 363 ಮಂದಿ ಬಿಷ್ಣೋಯಿಗಳು ಪ್ರಾಣವಿತ್ತರು.

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯೂ ಸಹ್ಯಾದ್ರಿಯ ಮಳೆನೆರಳಿನಲ್ಲಿದೆ. ಹಿಡಕಲ್ ಜಲಾಶಯದ ಕಾಲುವೆ ಹರಿದಲ್ಲಿ ಕಬ್ಬು ಬೆಳೆದಿದೆ, ನಿಜ. ಕಾಲುವೆ ಏರಲಾರದ ಮಡ್ಡಿಯ ಹೊಲಗಳಿಗೆ ಇಂದಿಗೂ ಮೋಡವೇ ಗತಿ. ಅಂತಹ ನೆಲಕ್ಕೆ ಬನ್ನಿ ಹೇಳಿಮಾಡಿಸಿದ ಮರ. ಅದರ ತಾಯಿಬೇರು ಬಹು ಆಳಕ್ಕಿಳಿದು ನೀರನ್ನರಸುವುದರಿಂದ ಮೇಲ್ಮಣ್ಣಿನ ತೇವ ಬೆಳೆಗೆ ಉಳಿಯುತ್ತದೆ. ಎಲೆ ಸಣ್ಣದಾದ್ದರಿಂದ ನೆರಳು ತೆಳುವು. ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಮಣ್ಣಿಗೆ ಕೂಡಿಸುತ್ತವೆ. ಸೊಪ್ಪು ಆಡು, ಕುರಿಗಳಿಗೆ ಮೇವು.

ಸಸಿ ತರುವಾಗ ಬಳ್ಳಾರಿ ಜಾಲಿಗೆ ಮೋಸಹೋಗಬಾರದು. ಅದರ ಮುಳ್ಳುಗಳು ಎಲೆಯ ಬುಡದಲ್ಲಿ ಜೋಡಿಯಾಗಿರುತ್ತವೆ. ಬನ್ನಿಯವು ಕೊಂಬೆಯುದ್ದಕ್ಕೂ ಚದುರಿರುತ್ತವೆ.

ಬೆಳೆಸುವ ಕ್ರಮದಲ್ಲಿ ನಾನು ಮಾಡಿದ ತಪ್ಪನ್ನೇ ಮೊದಲು ಹೇಳುತ್ತೇನೆ. ಪ್ಲಾಸ್ಟಿಕ್ ಚೀಲದಲ್ಲಿ ಎರಡು ವರುಷ ಇದ್ದ ಎತ್ತರದ ಸಸಿಗಳನ್ನು ಆಸೆಪಟ್ಟು ನೆಟ್ಟೆ. ದಿನವೂ ಒಂದೊಂದು ತಂಬಿಗೆ ನೀರೆರೆದೆ. ಎರಡನೆಯ ಬೇಸಗೆಗೆ ಎಲ್ಲವೂ ಒಣಗಿದವು. ಕಿತ್ತು ನೋಡಿದರೆ ತಾಯಿಬೇರು ಚೀಲದ ಆಕಾರದಲ್ಲೇ ಸುರುಳಿ ಸುತ್ತಿತ್ತು. ಆದುದರಿಂದ ಎಳೆಯ ಸಸಿಯನ್ನೇ ಆರಿಸಬೇಕು; ಅಥವಾ ಬಲಿತ ಬೀಜವನ್ನು ಕುದಿಸಿ ಇಳಿಸಿದ ನೀರಿನಲ್ಲಿ ಒಂದು ರಾತ್ರಿ ನೆನೆಯಿಟ್ಟು, ಮುಂಗಾರಿನ ಆರಂಭದಲ್ಲಿ ನೆಲದಲ್ಲೇ ಊರಬೇಕು. ಎರಡಡಿ ಆಳದ ಗುಂಡಿಯನ್ನು ಮಣ್ಣು, ತಿಪ್ಪೆಗೊಬ್ಬರಗಳಿಂದ ತುಂಬಿ, ಸುತ್ತ ಮುಳ್ಳಿನ ಬೇಲಿ ಕಟ್ಟಬೇಕು. ಬೇಸಗೆಯಲ್ಲಿ ನೀರನ್ನು ದಿನವೂ ಚಿಮುಕಿಸದೆ, ಹತ್ತು ಹದಿನೈದು ದಿನಗಳಿಗೊಮ್ಮೆ ಆಳಕ್ಕಿಳಿಯುವಂತೆ ಎರೆಯಬೇಕು. ನೀರು ಇಳಿದಷ್ಟು ಬೇರೂ ಇಳಿಯುವುದು. ಮೂರು ಬೇಸಗೆ ದಾಟಿದ ಗಿಡಕ್ಕೆ ಮನುಷ್ಯನ ಹಂಗಿಲ್ಲ.

ವಿಜಯದಶಮಿಯಂದು ಬನ್ನಿಯನ್ನು ಬಂಗಾರವೆಂದು ಹಂಚುತ್ತೇವೆ. ಅದಕ್ಕಾಗಿ ಕೊಂಬೆ ಮುರಿಯುವವರು ಹಲವರು. ಗಿಡ ನೆಟ್ಟವರು ವಿರಳ. ಟ್ರಾಕ್ಟರಿಗೆ ಅಡ್ಡವೆಂದು ಬದುವಿನ ಮರಗಳೂ ಉರುಳುತ್ತಿವೆ. ಹೀಗೇ ಸಾಗಿದರೆ ಮುಂದಿನ ಪೀಳಿಗೆ ಬನ್ನಿಯನ್ನು ವಿರಾಟಪರ್ವದಲ್ಲಿ ಮಾತ್ರ ಕಾಣಬೇಕಾದೀತು.

ಶಾಲೆಗೆ ನೆರಳು ನೀಡಬಯಸುವ ದಾನಿಗಳಲ್ಲಿ, ಹಳೆಯ ವಿದ್ಯಾರ್ಥಿಗಳಲ್ಲಿ, ಶಿಕ್ಷಕಬಂಧುಗಳಲ್ಲಿ ನನ್ನದೊಂದು ವಿನಂತಿ: ಸಸಿ ನೆಟ್ಟವರ ಹೆಸರಿಗಿಂತ ಮೂರು ಬೇಸಗೆ ಅದಕ್ಕೆ ನೀರೆರೆದ ಹುಡುಗನ ಹೆಸರನ್ನು ಫಲಕದಲ್ಲಿ ಬರೆಯಿಸೋಣ.