ದೀಪ ಆರಿದರೆ ದೋಷ ಹೋಯಿತೇ? ಹಳೆಯ ಕಾರಿನ ಸುತ್ತ ಒಂದು ಪರಿಹಾರ ಬೋಧನೆ

ತರಗತಿ: 10. ವಿಷಯ: ವಿಜ್ಞಾನ. ಘಟಕ: ವಿದ್ಯುಚ್ಛಕ್ತಿ.
ಕಲಿಕಾಂಶ: ಸರಣಿ ಮತ್ತು ಸಮಾಂತರ ಜೋಡಣೆ. ಅವಧಿ: 40 ನಿಮಿಷಗಳ ಎರಡು ಪಾಠಗಳು.

ಹಿನ್ನೆಲೆ

ಬೋಧನಾಭ್ಯಾಸಕ್ಕೆ ನನಗೆ ದೊರೆತದ್ದು ಮಾಕಳಿದುರ್ಗದ ಒಂದು ಪ್ರೌಢಶಾಲೆ. ಸರಣಿ ಮತ್ತು ಸಮಾಂತರ ಜೋಡಣೆಯ ಪಾಠವನ್ನು ಕಪ್ಪುಹಲಗೆಯ ಮೇಲೆ ಮಾಡಿ ಮುಗಿಸಿದ್ದೆ. ಮಕ್ಕಳು ಸೂತ್ರ ಹೇಳುತ್ತಿದ್ದರು, ಲೆಕ್ಕವನ್ನೂ ಬಿಡಿಸುತ್ತಿದ್ದರು. ಆದರೆ ನೈದಾನಿಕ ಪರೀಕ್ಷೆಯಲ್ಲಿ, "ಒಂದು ದೀಪಕ್ಕೆ ಎರಡು ಸ್ವಿಚ್‌ಗಳನ್ನು ಸಮಾಂತರವಾಗಿ ಜೋಡಿಸಿದೆ. ಒಂದನ್ನು ಮಾತ್ರ ಹಾಕಿದರೆ ದೀಪ ಉರಿಯುವುದೇ?" ಎಂಬ ಪ್ರಶ್ನೆಗೆ ಅರ್ಧಕ್ಕಿಂತ ಹೆಚ್ಚು ಮಕ್ಕಳು "ಇಲ್ಲ, ಎರಡನ್ನೂ ಹಾಕಬೇಕು" ಎಂದು ಬರೆದಿದ್ದರು. ಅವೇ ಲೆಕ್ಕಗಳನ್ನು ಮತ್ತೆ ಮಾಡಿಸುವ ಬದಲು, ಕೈಗೆ ಸಿಗುವ ಯಾವುದಾದರೂ ವಸ್ತುವಿನ ಮೂಲಕ ಪರಿಹಾರ ಬೋಧನೆ ಮಾಡಿ ಎಂದು ಮಾರ್ಗದರ್ಶಕ ಶಿಕ್ಷಕರು ಸಲಹೆ ನೀಡಿದರು.

ಆ ವಸ್ತು ಶಾಲೆಯ ಹುಣಸೆಮರದ ಕೆಳಗೇ ನಿಂತಿತ್ತು. ಅದು ನಾವು ನಾಲ್ವರು ಪ್ರಶಿಕ್ಷಣಾರ್ಥಿಗಳು ದೊಡ್ಡಬಳ್ಳಾಪುರದಿಂದ ಬಂದು ಹೋಗುತ್ತಿದ್ದ ನನ್ನ ಮಾವನವರ ಹಳೆಯ ಕಾರು. ಅದರಲ್ಲಿ ಎರಡು ದೋಷಗಳಿದ್ದವು. ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿಸಿದರೂ ಬ್ರೇಕಿನ ಕೆಂಪು ದೀಪ ಉರಿಯುತ್ತಿತ್ತು. ಎ.ಸಿ.ಯ ಫ್ಯಾನ್ 1, 2, 3ರಲ್ಲಿ ತಿರುಗದೆ 4ರಲ್ಲಿ ಮಾತ್ರ ತಿರುಗುತ್ತಿತ್ತು. ಕೆಂಪು ದೀಪಕ್ಕೆ ರಸ್ತೆಬದಿಯ ಮೆಕ್ಯಾನಿಕ್ ಒಬ್ಬರು ಒಂದು ವೈರ್ ಬಿಚ್ಚಿ, "ಸೆನ್ಸಾರ್ ಹೋಗಿದೆ, ಏನೂ ಆಗಲ್ಲ ಬಿಡಿ" ಅಂದಿದ್ದರು. ದೀಪ ಆರಿತ್ತು. ಎರಡು ದಿನ ಹಾಗೆಯೇ ಓಡಿಸಿದ್ದೆ, ಘಾಟಿ ಸುಬ್ರಹ್ಮಣ್ಯದ ರಸ್ತೆಯಲ್ಲೂ.

ಮೊದಲ ಪಾಠ: ಬ್ರೇಕಿನ ದೀಪ

ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಚಕ್ರಗಳ ಹಿಂದೆ ಮುಂದೆ ಕಲ್ಲು ಕೊಟ್ಟೆ. ಎಂಜಿನ್ ಬಂದ್ ಮಾಡಿ ಕೀಲಿಯನ್ನು ಮಾತ್ರ ತಿರುಗಿಸಿದೆ. ಬ್ರೇಕ್ ಆಯಿಲ್ ಕಣ್ಣಿಗೆ ಹಾನಿಕರ, ಕಾರಿನ ಬಣ್ಣವನ್ನೂ ಕಿತ್ತುಹಾಕುತ್ತದೆ. ಆದ್ದರಿಂದ ಅದನ್ನು ಯಾರೂ ಮುಟ್ಟಬಾರದೆಂದು ಮೊದಲೇ ಹೇಳಿದೆ. ಬಿಚ್ಚಿದ್ದ ವೈರನ್ನು ಮತ್ತೆ ಸಿಕ್ಕಿಸಿದಾಗ ದೀಪ ಉರಿಯಿತು.

ನಂತರ ಮಂಡಲದ ಚಿತ್ರ ಬರೆದೆ. ಬ್ಯಾಟರಿಯಿಂದ ಕೀಲಿ, ಕೀಲಿಯಿಂದ ದೀಪ. ದೀಪದ ಆಚೆ ದಾರಿ ಎರಡಾಗುತ್ತದೆ. ಒಂದು ಹ್ಯಾಂಡ್‌ಬ್ರೇಕಿನ ಸ್ವಿಚ್‌ಗೆ, ಇನ್ನೊಂದು ಬ್ರೇಕ್ ಆಯಿಲ್ ಡಬ್ಬಿಯೊಳಗಿನ ತೇಲು ಸ್ವಿಚ್‌ಗೆ. ಎರಡೂ ಕೊನೆಗೆ ಕಾರಿನ ಬಾಡಿಯನ್ನು ಸೇರುತ್ತವೆ. ಬಾಡಿಯೇ ಬ್ಯಾಟರಿಯ ಋಣ ತುದಿಗೆ ಹಿಂದಿರುಗುವ ತಂತಿ.

ಪ್ರತಿ ಹಂತದಲ್ಲೂ ಮಕ್ಕಳು ಮೊದಲು ಊಹೆ ಬರೆದು, ಆಮೇಲೆ ನೋಡಬೇಕಿತ್ತು. ಹ್ಯಾಂಡ್‌ಬ್ರೇಕ್ ಇಳಿಸಿದೆ, ದೀಪ ಆರಲಿಲ್ಲ. ಅದರ ಸ್ವಿಚ್ಚಿನ ವೈರನ್ನೇ ಬಿಚ್ಚಿದೆ, ಆಗಲೂ ಆರಲಿಲ್ಲ. "ಹಂಗಾದ್ರೆ ಇನ್ನೊಂದು ದಾರೀಲಿ ಕರೆಂಟ್ ಹೋಗ್ತೈತೆ ಸಾರ್" ಎಂದು ಹಿಂದಿನ ಸಾಲಿನ ಹುಡುಗನೊಬ್ಬ ಹೇಳಿದ. "ಎರಡನ್ನೂ ಹಾಕಬೇಕು" ಎಂಬ ಊಹೆ ಅಲ್ಲಿಗೆ ಮುರಿಯಿತು. ಕೊನೆಗೆ ಡಬ್ಬಿಯ ವೈರ್ ಬಿಚ್ಚಿದೆ. ದೀಪ ಆರಿತು.

ಪಾಠ ಯೋಜನೆಯಲ್ಲಿ ನಾನು ಇಲ್ಲಿ ಬರೆದುಕೊಂಡಿದ್ದದ್ದು ಇಷ್ಟು: "ದೋಷ ಪತ್ತೆ, ತೇಲು ಸ್ವಿಚ್. ಮುಕ್ತಾಯ." ಅಷ್ಟರಲ್ಲಿ ಒಬ್ಬ ಹುಡುಗಿ ಕೇಳಿದಳು: "ಸಾರ್, ದೀಪ ಆರ್‌ತು ಅಂದ್ರೆ ಬ್ರೇಕು ಸರಿ ಆಯ್ತಾ?"

ನನ್ನಲ್ಲಿ ಉತ್ತರವಿರಲಿಲ್ಲ. ಎಲ್ಲರೂ ಡಬ್ಬಿಯನ್ನೇ ನೋಡಿದೆವು. ಆಯಿಲ್ ಕನಿಷ್ಠ ಮಟ್ಟದ ಗೆರೆಗಿಂತ ಕೆಳಗಿತ್ತು. ತೇಲು ಸ್ವಿಚ್ ಕೆಟ್ಟಿರಲೇ ಇಲ್ಲ. ಅದು ಹೇಳಬೇಕಾದ್ದನ್ನೇ ಹೇಳುತ್ತಿತ್ತು.

ಬ್ರೇಕ್ ಆಯಿಲ್ ಪೆಟ್ರೋಲಿನಂತೆ ಉರಿದು ಖರ್ಚಾಗುವುದಿಲ್ಲ. ಮಟ್ಟ ಇಳಿದಿದೆ ಎಂದರೆ ಎಲ್ಲೋ ಸೋರುತ್ತಿರಬೇಕು, ಇಲ್ಲವೇ ಬ್ರೇಕ್ ಪ್ಯಾಡ್ ಸವೆದಿರಬೇಕು. ಪ್ಯಾಡ್ ಸವೆದಷ್ಟೂ ಪಿಸ್ಟನ್ ಮುಂದೆ ಬರುತ್ತದೆ, ಅದರ ಹಿಂದಿನ ಜಾಗವನ್ನು ಆಯಿಲ್ ತುಂಬುತ್ತದೆ. ಕಾರಣ ನೋಡದೆ ಆಯಿಲ್ ಸುರಿದರೂ ದೀಪ ಆರುತ್ತದೆ, ಪ್ಯಾಡ್ ಮಾತ್ರ ಹಾಗೆಯೇ ಇರುತ್ತದೆ. ಅಂದು ಸಂಜೆ ಕಾರನ್ನು ಬೇರೆ ಗ್ಯಾರೇಜಿಗೆ ಒಯ್ದೆ. ಸೋರಿಕೆ ಇರಲಿಲ್ಲ, ಮುಂದಿನ ಪ್ಯಾಡ್‌ಗಳು ತೀರಾ ಸವೆದಿದ್ದವು. ಹೊಸ ಪ್ಯಾಡ್ ಹಾಕಲು ಪಿಸ್ಟನ್ ಹಿಂದೆ ತಳ್ಳಿದಾಗ, ಒಂದು ಹನಿ ಸುರಿಯದೆಯೂ ಡಬ್ಬಿಯ ಮಟ್ಟ ಏರಿತು. ಮರುದಿನ ಮಕ್ಕಳಿಗೆ ಇದನ್ನು ಹೇಳಿದೆ. ಎರಡು ದಿನ ವೈರ್ ಬಿಚ್ಚಿ ಓಡಿಸಿದ್ದನ್ನೂ ಹೇಳಿದೆ.

ಎರಡನೆಯ ಪಾಠ: ಎ.ಸಿ. ಫ್ಯಾನ್

ಇಲ್ಲಿ ಸರಣಿ ಜೋಡಣೆ. ಫ್ಯಾನ್ ಮೋಟಾರಿನ ದಾರಿಯಲ್ಲಿ ಮೂರು ರೋಧಕಗಳಿವೆ. ಸ್ವಿಚ್ 1ರಲ್ಲಿದ್ದರೆ ಪ್ರವಾಹ ಮೂರನ್ನೂ ಹಾದುಹೋಗುತ್ತದೆ, 2ರಲ್ಲಿ ಎರಡನ್ನು, 3ರಲ್ಲಿ ಒಂದನ್ನು. 4ರಲ್ಲಿ ನೇರವಾಗಿ ಮೋಟಾರಿಗೆ. ಬ್ಯಾಟರಿ 12 ವೋಲ್ಟ್, ಮೋಟಾರು 1 ಓಮ್, ರೋಧಕಗಳು ಕ್ರಮವಾಗಿ 1, 0.5, 0.5 ಓಮ್ ಎಂದಿಟ್ಟುಕೊಂಡು ಲೆಕ್ಕ ಮಾಡಿಸಿದೆ. ಒಟ್ಟು ರೋಧ 3, 2, 1.5, 1 ಓಮ್. ಪ್ರವಾಹ 4, 6, 8, 12 ಆಂಪಿಯರ್. ತಿರುಗುವ ಮೋಟಾರು ನಿಜವಾಗಿ ಸಾಮಾನ್ಯ ರೋಧಕದಂತೆ ವರ್ತಿಸುವುದಿಲ್ಲ, ಇದು ಲೆಕ್ಕದ ಅನುಕೂಲಕ್ಕೆ ಎಂದೂ ತಿಳಿಸಿದೆ.

ಆಮೇಲೆ ಪ್ರಶ್ನೆಯನ್ನು ತಿರುಗಿಸಿದೆ. 1ರಲ್ಲಿ ಮಾತ್ರ ಫ್ಯಾನ್ ತಿರುಗದಿದ್ದರೆ ಯಾವ ರೋಧಕ ತುಂಡಾಗಿದೆ? 1 ಮತ್ತು 2ರಲ್ಲಿ ತಿರುಗದಿದ್ದರೆ? 3ರಲ್ಲೂ ತಿರುಗದಿದ್ದರೆ? ಮಕ್ಕಳು ಚಿತ್ರದ ಮೇಲೆ ಬೆರಳಿಟ್ಟು ತಾವೇ ಕಂಡುಕೊಂಡರು: ಮೊದಲನೆಯದು, ಎರಡನೆಯದು, ಮೋಟಾರಿಗೆ ಹತ್ತಿರದ್ದು. ನಮ್ಮ ಕಾರಿನಲ್ಲಿ ಆ ಮೂರಕ್ಕೂ ಸಾಮಾನ್ಯವಾದ ದಾರಿಯಲ್ಲಿದ್ದ, ಅತಿಯಾಗಿ ಬಿಸಿಯಾದರೆ ಕಡಿದುಹೋಗುವ ಫ್ಯೂಸ್ ಹೋಗಿತ್ತು.

ಈ ಸಲ ನಾನು ಅಲ್ಲಿಗೆ ನಿಲ್ಲಿಸಲಿಲ್ಲ. "ಫ್ಯೂಸ್ ಯಾಕೆ ಹೋಯಿತು?" ಎಂದು ಕೇಳಿದೆ. ಈ ರೋಧಕಗಳನ್ನು ತಣ್ಣಗಿಡುವುದು ಅದೇ ಫ್ಯಾನಿನ ಗಾಳಿ. ಅದಕ್ಕಾಗಿಯೇ ಅವನ್ನು ಗಾಳಿಯ ದಾರಿಯಲ್ಲಿ ಕೂರಿಸಿರುತ್ತಾರೆ. ಫಿಲ್ಟರ್ ತೆಗೆದಾಗ ಧೂಳು ಮತ್ತು ಹುಣಸೆ ಎಲೆ ಒತ್ತಾಗಿ ತುಂಬಿಕೊಂಡಿತ್ತು. ಅದನ್ನು ಶುಚಿಮಾಡದೆ ಹೊಸ ರೋಧಕ ಹಾಕಿದ್ದರೆ ಅದೂ ಸುಡುವ ಸಾಧ್ಯತೆ ಇತ್ತು.

ಪ್ರತಿಫಲನ

ಎರಡನೆಯ ಪಾಠದ ನಂತರ ನೈದಾನಿಕ ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ಮತ್ತೆ ತೆಗೆದೆ. ತಪ್ಪಿಗೆ ಕೆಂಪು ಗೆರೆ ಎಳೆದು, ಸರಿಯುತ್ತರವನ್ನು ಮೂರು ಸಲ ಬರೆಸಿದ್ದೆ. ನಾನೂ ವೈರ್ ಬಿಚ್ಚಿದ್ದೆ, ಅಷ್ಟೇ. ಈ ಬಾರಿ ಕೆಲವು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಎರಡೂ ಸ್ವಿಚ್ ಬೇಕು ಅನ್ನಿಸಿದ್ದು ಯಾಕೆ ಎಂದು ಕೇಳಿದೆ. "ಮನೇಲಿ ಮೇನ್ ಸ್ವಿಚ್ಚೂ ಹಾಕ್ಬೇಕು, ಫ್ಯಾನ್ ಸ್ವಿಚ್ಚೂ ಹಾಕ್ಬೇಕಲ್ಲ ಸಾರ್" ಎಂದ ಒಬ್ಬ. ಅವನು ಹೇಳಿದ್ದು ಸರಿಯಾಗಿಯೇ ಇತ್ತು, ಆದರೆ ಅದು ಸರಣಿ ಜೋಡಣೆ. ತಪ್ಪಿನ ಮೂಲ ಅಜ್ಞಾನವಲ್ಲ, ಅನುಭವ. ಅದು ಸೂತ್ರದ ಲೆಕ್ಕದಲ್ಲಿ ನನಗೆ ಎಂದೂ ಕಾಣುತ್ತಿರಲಿಲ್ಲ.

ಸಹ ಪ್ರಶಿಕ್ಷಣಾರ್ಥಿಗಳಿಗೆ

1. ನೈದಾನಿಕ ಪರೀಕ್ಷೆಯ ಪ್ರತಿ ಪ್ರಶ್ನೆಯ ಕೆಳಗೆ "ಏಕೆ?" ಎಂಬ ಸಾಲಿಗೆ ಜಾಗ ಬಿಡಿ.
2. ಪ್ರಯೋಗಕ್ಕೆ ಮುನ್ನ ಊಹೆ ಬರೆಸಿ. ಬರೆದ ಊಹೆಯನ್ನು ಮಕ್ಕಳು ಜಾರಿಸಲಾರರು.
3. ಕಾರು ಸಿಗದಿದ್ದರೆ ಟಾರ್ಚ್ ಬಲ್ಬ್, ಎರಡು ಸ್ವಿಚ್, ನಿಕ್ರೋಮ್ ತಂತಿಯ ತುಂಡುಗಳು ಸಾಕು.
4. ದೋಷ ಸಿಕ್ಕಿತು ಎಂದಾಗ ಇನ್ನೊಂದು ಪ್ರಶ್ನೆ ಕೇಳುವಷ್ಟು ಸಮಯವನ್ನು ಪಾಠ ಯೋಜನೆಯಲ್ಲಿ ಉಳಿಸಿಕೊಳ್ಳಿ. ನನ್ನ ಯೋಜನೆಯಲ್ಲಿ ಅದು ಇರಲಿಲ್ಲ. ಆ ಪ್ರಶ್ನೆಯನ್ನು ಒಬ್ಬ ವಿದ್ಯಾರ್ಥಿನಿ ಕೇಳಿದಳು.