ಲಾರಿಗೆ ದಾರಿ ಹೇಳುವುದೂ ಬೇಸಾಯದ ಕೆಲಸವೇ

ಗೊನೆ ಕಡಿದು, ಎಲೆ ಸುತ್ತಿ, ಲಾರಿಗೆ ಏರಿಸಿದರೆ ನಮ್ಮ ಕೆಲಸ ಮುಗಿಯಿತು, ಇನ್ನುಳಿದದ್ದು ಡ್ರೈವರಿನ ಜವಾಬ್ದಾರಿ ಎಂದು ನಾವು ತಿಳಿದಿರುತ್ತೇವೆ. ಹಾಗಲ್ಲ ಎಂದು ನನಗೆ ಗೊತ್ತಾದದ್ದು ಕೈಸುಟ್ಟುಕೊಂಡ ಮೇಲೆ.

ಕೆಲವು ವರ್ಷಗಳ ಹಿಂದೆ ಪುತ್ತೂರಿನಿಂದ 60 ಗೊನೆ ಕದಳಿ ಬಾಳೆಯನ್ನು ಬೆಂಗಳೂರಿನ ಮಹಾಲಕ್ಷ್ಮಿ ಲೇಔಟಿನ ಒಂದು ಹಣ್ಣಿನಂಗಡಿಗೆ ಕಳಿಸಿದ್ದೆ. ಮಧ್ಯವರ್ತಿ ಇಲ್ಲದ ವ್ಯಾಪಾರ, ಒಳ್ಳೆಯ ದರ. ಡ್ರೈವರಿನ ಕೈಗೆ ಚೀಟಿ ಕೊಟ್ಟೆ: 'ಮಹಾಲಕ್ಷ್ಮಿ ಲೇಔಟ್, 4ನೇ ಕ್ರಾಸ್, ದೇವಸ್ಥಾನದ ಹತ್ತಿರ.' ಬೆಳಿಗ್ಗೆ ಆರಕ್ಕೆ ಫೋನ್ ಬಂತು. "ಅಣ್ಣಾ, ಚೀಟಿಯಲ್ಲಿ ದೇವಸ್ಥಾನ ಅಂತ ಉಂಟು. ನಾನು ಈಗಾಗ್ಲೇ ಮೂರು ದೇವಸ್ಥಾನ ನೋಡಿದೆ ಮಾರಾಯ್ರೆ. ನಿಮ್ದು ಯಾವ್ದು?"

ನನಗೂ ಗೊತ್ತಿರಲಿಲ್ಲ. ಅಂಗಡಿಯವರ ಫೋನ್ ಎಂಟರವರೆಗೆ ಬಂದ್. ಅಷ್ಟು ಹೊತ್ತಿಗೆ ವಾಹನಸಂಚಾರ ಹೆಚ್ಚಿ, ಲಾರಿಯನ್ನು ಅಲ್ಲಿ ನಿಲ್ಲಿಸುವಂತಿರಲಿಲ್ಲ. ಕೊನೆಗೆ ರಿಂಗ್ ರೋಡಿನ ಬದಿಯಲ್ಲಿ ಎರಡು ಗೂಡ್ಸ್ ಆಟೋಗಳಿಗೆ ಗೊನೆ ಬದಲಾಯಿಸಿದರು. ಎರಡೆರಡು ಸಲ ಇಳಿಸಿ ಏರಿಸಿ ಹಣ್ಣಿಗೆ ಪೆಟ್ಟು. ಆಟೋ ಬಾಡಿಗೆ ಬೇರೆ. ದರದಲ್ಲಿ ಸಿಕ್ಕಿದ ಲಾಭ ಅಲ್ಲೇ ಕರಗಿತು. ತಪ್ಪು ಡ್ರೈವರಿನದ್ದಲ್ಲ, ನನ್ನ ಚೀಟಿಯದ್ದು.

ಅದರ ನಂತರ ಲಾರಿಯವರು ದಾರಿ ಹೇಗೆ ಕಟ್ಟುತ್ತಾರೆಂದು ವಿಚಾರಿಸಲು ಶುರುಮಾಡಿದೆ. ಎರಡು ಸಲ ಅವರ ಪಕ್ಕದಲ್ಲೇ ಕುಳಿತು ಹೋಗಿಬಂದೆ. ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಲೆಕ್ಕ ಹಿಂದಿನಿಂದ

ನಾವು 'ಎಷ್ಟು ಗಂಟೆಗೆ ಹೊರಡುವುದು?' ಎಂದು ಕೇಳುತ್ತೇವೆ. ಅನುಭವಸ್ಥ ಡ್ರೈವರು 'ಎಷ್ಟು ಗಂಟೆಗೆ ಮುಟ್ಟಬೇಕು?' ಎಂದು ಕೇಳುತ್ತಾನೆ. ಬೆಂಗಳೂರಿನಲ್ಲಿ ದಿನದ ಕೆಲವು ಹೊತ್ತು ಭಾರೀ ವಾಹನಗಳಿಗೆ ನಿರ್ಬಂಧ ಇದೆ. ಈ ಸಮಯ ಆಗಾಗ ಬದಲಾಗುತ್ತದೆ, ಆದ್ದರಿಂದ ಪ್ರತಿ ಸಲವೂ ವಿಚಾರಿಸಬೇಕು. ಬೆಳಗಿನ ಜಾವ ಐದಕ್ಕೆ ಮುಟ್ಟಬೇಕೆಂದರೆ ಅಲ್ಲಿಂದ ಹಿಂದಕ್ಕೆ ಲೆಕ್ಕ: ನೆಲಮಂಗಲ, ಕುಣಿಗಲ್, ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣ, ಹಾಸನ, ಸಕಲೇಶಪುರ, ಗುಂಡ್ಯ, ಉಪ್ಪಿನಂಗಡಿ. ಪುತ್ತೂರಿನಿಂದ ಸುಮಾರು 300 ಕಿ.ಮೀ. ಆದರೆ ಅವನ ತಲೆಯಲ್ಲಿರುವುದು ಕಿಲೋಮೀಟರ್ ಅಲ್ಲ, ಊರುಗಳ ಸರಪಳಿ. ಯಾವ ಊರು ಎಷ್ಟು ಗಂಟೆಗೆ ದಾಟಬೇಕು, ಎಲ್ಲಿ ಚಹಾ, ಎಲ್ಲಿ ಟಯರ್ ನೋಡುವುದು, ಎಲ್ಲವೂ ಆ ಸರಪಳಿಯಲ್ಲೇ ಪೋಣಿಸಿರುತ್ತದೆ.

ಘಾಟಿಯ ಸುದ್ದಿ ಮೊದಲು

ಕರಾವಳಿಯವರಿಗೆ ದಾರಿ ತೀರ್ಮಾನಿಸುವುದು ಘಾಟಿ. 2018ರ ಆಗಸ್ಟ್ ಮಳೆಗೆ ಶಿರಾಡಿಯಲ್ಲೂ ಸಂಪಾಜೆ-ಮಡಿಕೇರಿ ದಾರಿಯಲ್ಲೂ ಗುಡ್ಡ ಕುಸಿಯಿತು. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿಯ ಸರದಿ. ಅಲ್ಲಿ ಆಮೇಲೆ ಭಾರೀ ಲಾರಿಗಳನ್ನು ತಡೆದರು. ಮಳೆಗಾಲದಲ್ಲಿ ಡ್ರೈವರುಗಳು ಹೊರಡುವ ಮೊದಲು ಎದುರಿನಿಂದ ಇಳಿದು ಬಂದ ಲಾರಿಯವರನ್ನು ಕೇಳುತ್ತಾರೆ. ಆ ಸುದ್ದಿ ಒಂದೆರಡು ಗಂಟೆಯಷ್ಟೇ ಹಳೆಯದು. ಗೊನೆ ಕಡಿಯುವ ಮೊದಲೇ ನಾವೂ ಇದನ್ನು ಕೇಳಿಕೊಂಡರೆ ಒಳ್ಳೆಯದು. ಮರದಲ್ಲಿದ್ದ ಗೊನೆ ಎರಡು ದಿನ ಕಾದೀತು, ಲಾರಿಯಲ್ಲಿದ್ದದ್ದು ಕಾಯದು.

ನಂಬರಿನ ಗೊಂದಲ

ನಮ್ಮ ಮಂಗಳೂರು-ಹಾಸನ-ನೆಲಮಂಗಲ ಹೆದ್ದಾರಿಗೆ ಮೊದಲು 48 ಎಂಬ ಸಂಖ್ಯೆ. ತುಮಕೂರು-ಪುಣೆ ಹೆದ್ದಾರಿಗೆ 4. 2010ರಲ್ಲಿ ರಾಷ್ಟ್ರೀಯ ಹೆದ್ದಾರಿಗಳ ಸಂಖ್ಯೆ ಬದಲಾದಾಗ ನಮ್ಮದು 75 ಆಯಿತು, ಪುಣೆ ರಸ್ತೆ 48 ಆಯಿತು! ನೆಲಮಂಗಲದಲ್ಲಿ ಎರಡೂ ಸೇರುತ್ತವೆ. ಹಿಂತಿರುಗುವ ಲಾರಿಗೆ ಹಳಬರೊಬ್ಬರು '48 ಹಿಡಿ' ಅಂದರೆ, ಹೊಸ ಬೋರ್ಡ್ ನೋಡುವ ಹುಡುಗ ತುಮಕೂರಿಗೆ ಹೋದಾನು. ಆದ್ದರಿಂದ ನಂಬರ್ ಹೇಳಬೇಡಿ, 'ಕುಣಿಗಲ್-ಹಾಸನ ರಸ್ತೆ' ಎಂದು ಊರಿನ ಹೆಸರು ಹೇಳಿ.

ಕಿಲೋಮೀಟರ್ ಕಲ್ಲು ಇನ್ನೂ ಉಪಯೋಗಕ್ಕೆ ಬರುತ್ತದೆ. ತಲೆ ಹಳದಿಯಾದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾದರೆ ರಾಜ್ಯ ಹೆದ್ದಾರಿ. ರಾತ್ರಿ ಕವಲಿನಲ್ಲಿ ತಪ್ಪಿದರೆ ಮುಂದಿನ ಕಲ್ಲಿನ ಬಣ್ಣ ನೋಡಿದರೆ ಸಾಕು.

ಕೇಳುವ ಕ್ರಮ

"ಯಶವಂತಪುರಕ್ಕೆ ಇದೇ ದಾರಿ ಅಲ್ವಾ?" ಎಂದು ಕೇಳಬಾರದಂತೆ. ಗೊತ್ತಿಲ್ಲದವನೂ ದಾಕ್ಷಿಣ್ಯಕ್ಕೆ 'ಹೌದು' ಅನ್ನುತ್ತಾನೆ. "ಯಶವಂತಪುರಕ್ಕೆ ಯಾವ ದಾರಿ?" ಎಂದು ಕೇಳಬೇಕು. ಒಬ್ಬರ ಉತ್ತರ ಸಾಲದು, ಇನ್ನೊಬ್ಬರನ್ನೂ ಕೇಳಬೇಕು. ಪಂಕ್ಚರ್ ಅಂಗಡಿಯವನು, ಪೆಟ್ರೋಲ್ ಬಂಕಿನವನು, ಬೇರೆ ಲಾರಿಯವನು ಇವರಲ್ಲಿ ಕೇಳುವುದು ಒಳ್ಳೆಯದು. ಬೈಕಿನವನಿಗೆ ಅವನ ಬೈಕ್ ಹೋಗುವ ದಾರಿ ಮಾತ್ರ ಗೊತ್ತು.

ಮೊಬೈಲ್ ಮ್ಯಾಪಿನ ಕತೆಯೂ ಹಾಗೇ. ಎಲ್ಲಿ ವಾಹನ ಕಟ್ಟಿ ನಿಂತಿದೆ ಎಂದು ಅದು ಚೆನ್ನಾಗಿ ತೋರಿಸುತ್ತದೆ. ಆದರೆ ನಾವು ಬಳಸುವ ಸಾಮಾನ್ಯ ಮ್ಯಾಪಿಗೆ ಲಾರಿಯ ಎತ್ತರ, ತೂಕ ಗೊತ್ತಿಲ್ಲ. ಹತ್ತಿರದ ದಾರಿ ಎಂದು ಗಲ್ಲಿಗೆ ನುಗ್ಗಿಸುತ್ತದೆ. ಅಲ್ಲಿ ತಗ್ಗಿದ ತಂತಿ, ಮರದ ಗೆಲ್ಲು, ಅಥವಾ ಗಿಡ್ಡ ರೈಲ್ವೆ ಕೆಳಸೇತುವೆ ಇದ್ದರೆ ಮೈಲುದ್ದ ರಿವರ್ಸ್! ತುಮಕೂರು ರಸ್ತೆಯ ಪೀಣ್ಯ ಮೇಲ್ಸೇತುವೆಯನ್ನೇ ನೋಡಿ. ಕೇಬಲ್ ದೋಷ ಕಂಡು 2021ರ ಡಿಸೆಂಬರಿನಲ್ಲಿ ಮುಚ್ಚಿದರು. 2022ರ ಫೆಬ್ರವರಿಯಲ್ಲಿ ಕಾರು ಬೈಕುಗಳಿಗೆ ತೆರೆಯಿತು. ಭಾರೀ ವಾಹನಕ್ಕೆ ಅವಕಾಶ ಸಿಕ್ಕಿದ್ದು 2024ರ ಜುಲೈ ಕೊನೆಗೆ. ಅಷ್ಟು ಕಾಲ ಕಾರಿಗೆ ದಾರಿ ಇತ್ತು, ಲಾರಿಗೆ ಇರಲಿಲ್ಲ.

ಊರೊಳಗೆ

ನೆಲಮಂಗಲದಿಂದ ಬರುವಾಗ ಮಾದಾವರದಲ್ಲಿ ನೈಸ್ ರಸ್ತೆಯ ಕವಲು. ಮೈಸೂರು ರಸ್ತೆ, ಹೊಸೂರು ರಸ್ತೆ ಕಡೆಯ ಲೋಡಿಗೆ ಅದು ಸರಿ, ಟೋಲ್ ಕೊಡಬೇಕು. ಮಹಾಲಕ್ಷ್ಮಿ ಲೇಔಟಿಗಾದರೆ ನೇರ ಗೊರಗುಂಟೆಪಾಳ್ಯಕ್ಕೆ ಬಂದು, ಡ್ರೈವರ್ ಸೈಡಿಗೆ, ಅಂದರೆ ಬಲಕ್ಕೆ, ರಿಂಗ್ ರೋಡಿಗೆ ತಿರುಗಬೇಕು. ರಾಜಕುಮಾರ್ ಸಮಾಧಿ ಇರುವ ಕಂಠೀರವ ಸ್ಟುಡಿಯೋ ಎಂದರೆ ಯಾರೂ ತೋರಿಸುತ್ತಾರೆ. ಲೇಔಟಿನಲ್ಲಿ ಬಂಡೆಯಲ್ಲಿ ಕಡೆದ 22 ಅಡಿಯ ಪ್ರಸನ್ನ ವೀರಾಂಜನೇಯ ಇದ್ದಾನೆ. ನಾನು 'ದೇವಸ್ಥಾನ' ಎಂಬುದರ ಬದಲು 'ವೀರಾಂಜನೇಯನಿಂದ ಎಷ್ಟನೇ ತಿರುವು' ಎಂದು ಬರೆದಿದ್ದರೆ ಅಂದು ಬಾಳೆ ಹಾಳಾಗುತ್ತಿರಲಿಲ್ಲ.

ಬೆಂಗಳೂರಿನ ಬಡಾವಣೆಗಳಲ್ಲಿ 'ಮೈನ್', 'ಕ್ರಾಸ್' ಎರಡೂ ಬೇಕು. ಒಂದಕ್ಕೊಂದು ಅಡ್ಡ ಹಾಯುವ ರಸ್ತೆಗಳು ಅವು. ಒಂದನ್ನೇ ಹೇಳಿದರೆ ತೋಟದ ಸಾಲು ಹೇಳಿ ಮರದ ನಂಬರ್ ಬಿಟ್ಟ ಹಾಗೆ. 4ನೇ ಕ್ರಾಸ್ ಪಕ್ಕದ ಬಡಾವಣೆಯಲ್ಲೂ ಇರುತ್ತದೆ.

ಚೀಟಿಯಲ್ಲಿ ಇವಿಷ್ಟು ಇರಲಿ

1. ಮನೆ ಅಥವಾ ಅಂಗಡಿ ನಂಬರ್, ಕ್ರಾಸ್, ಮೈನ್, ಬ್ಲಾಕ್ ಅಥವಾ ಹಂತ, ಬಡಾವಣೆ.
2. ಪಿನ್ ಕೋಡ್. ಮಹಾಲಕ್ಷ್ಮಿ ಲೇಔಟಿಗೆ 560086. ಒಂದೇ ಹೆಸರಿನ ಬಡಾವಣೆ ಎರಡಿದ್ದರೆ ಇದೇ ಬೇರ್ಪಡಿಸುವುದು.
3. ಎಪಿಎಂಸಿ ಯಾರ್ಡ್ ಆದರೆ ಯಶವಂತಪುರವೋ ದಾಸನಪುರವೋ ಸ್ಪಷ್ಟವಾಗಿ ಬರೆಯಿರಿ. ದಾಸನಪುರ ಪೇಟೆಗಿಂತ ಮೊದಲೇ ಸಿಗುತ್ತದೆ.
4. ಇಬ್ಬರ ಫೋನ್ ನಂಬರ್. ಬೆಳಿಗ್ಗೆ ಐದಕ್ಕೆ ಎತ್ತುವವರದ್ದು!
5. ಅಂಗಡಿಯ ಎದುರು ನಿಂತು ಕಳಿಸಿದ ಲೊಕೇಶನ್. ಜತೆಗೆ ದೊಡ್ಡ ಲಾರಿ ಬಾಗಿಲವರೆಗೆ ಬರುತ್ತದೋ ಇಲ್ಲವೋ ಎಂಬ ಮಾತು.
6. ವ್ಯಾಪಾರಿಗಳು 50,000 ರೂ. ಮೀರಿದ ಒಣ ಅಡಿಕೆ ಕಳಿಸುವಾಗ ಇ-ವೇ ಬಿಲ್ ಬೇಕು. 2021ರ ಜನವರಿಯಿಂದ 200 ಕಿ.ಮೀ.ಗೆ ಒಂದು ದಿನದ ಅವಧಿ. ಘಾಟಿ ಬಂದಾಗಿ ಸುತ್ತುದಾರಿ ಹಿಡಿದರೆ ಈ ಅವಧಿ ಮರೆಯಬಾರದು.

ಎರಡನೇ ಸಲ ಇದೇ ರೀತಿ ಚೀಟಿ ಬರೆದೆ. ಬೆಳಿಗ್ಗೆ ಐದೂವರೆಗೆ ಫೋನ್ ಬಂದಾಗ ಎದೆ ಧಸಕ್ಕೆಂದಿತು. "ಅಣ್ಣಾ, ಇಳಿಸಿ ಆಯ್ತು. ವಾಪಸ್ ಲೋಡ್ ಸಿಕ್ಕಿದರೆ ಸಂಜೆಗೆ ಹೊರಡ್ತೇನೆ" ಎಂದ. ಎದ್ದು ತೋಟಕ್ಕೆ ಹೋದೆ.